ಹನ್ನೆರಡನೆಯ ಹಂದಿ

ಕೊರಿಯಾದ ಗಂಡಸು ಸೈನ್ಯದಲ್ಲಿ ಕಳೆಯುವುದು ಎರಡು ವರ್ಷ, ಅದರ ಕತೆ ಹೇಳುತ್ತ ಕಳೆಯುವುದು ಐವತ್ತು ವರ್ಷ. ಎಂಥ ಮೂಗಬಸವನಾದರೂ ಎರಡು ಲೋಟ ಸೋಜು ಹೆಂಡ ಒಳಗಿಳಿದರೆ ಸಾಕು, ಹಿಮದಲ್ಲಿ ಅಗೆದ ಹೊಂಡ, ತಿಂದ ಒದೆ, ಚೆಂಡಾಟದಲ್ಲಿ ಮೇಜರನ ಮೂಗಿಗೆ ಹೊಡೆದ ಗೋಲು, ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತವೆ. ಹೊಂಡ ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋಗುತ್ತದೆ. ಹೆಂಗಸರು ಮೆಲ್ಲಗೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಾರೆ.

ಜೇಚೊನ್ ಊರಿನ ಸಂತೆಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ಮಾ ದೊಂಗ್ಸುವಿನ ಹತ್ತಿರವೂ ಅಂಥದೊಂದು ಕತೆಯಿತ್ತು. ಸೈನ್ಯಕ್ಕೆ ಹೊರಟ ಹುಡುಗರಿಗೆ ಅವನ ಅಂಗಡಿಯಲ್ಲಿ ತಲೆ ಬೋಳಿಸುವುದು ಪುಕ್ಕಟೆ, ಜೊತೆಗೆ ಸಿಪಾಯಿ ಪ್ಯೋನ ಕತೆಯೂ ಪುಕ್ಕಟೆ. ಹುಡುಗರು ಬೋಳು ತಲೆಯನ್ನು ಕನ್ನಡಿಯಲ್ಲಿ ನೋಡಿ ಅಳುವ ಮುಖ ಮಾಡುವ ಹೊತ್ತಿಗೆ ಸರಿಯಾಗಿ ಅವನು ಕತೆ ಶುರುಮಾಡುತ್ತಿದ್ದ. ಹೀಗೆ ಮೂವತ್ತು ವರ್ಷ ಹೇಳಿ ಹೇಳಿ ಕತೆ ಚೆನ್ನಾಗಿ ಪಳಗಿತ್ತು.

ಕತೆ ಇಷ್ಟು. ಗಡಿಯ ಹತ್ತಿರ ಒಂದು ಬೆಟ್ಟದ ಠಾಣೆ. ಉಚ್ಚೆ ಹೊಯ್ದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಜನವರಿ. ಅಲ್ಲಿ ಗ್ವಾಕ್ ಎಂಬ ಸಾರ್ಜೆಂಟನಿಗೆ ಹೊಸದಾಗಿ ಬಂದ ಸಿಪಾಯಿ ಪ್ಯೋನ ಮೇಲೆ ಬಲು ಪ್ರೀತಿ. ‘ನನ್ನ ಬಿಸಿನೀರಿನ ಚೀಲ ಎಲ್ಲಿ?’ ಎಂದು ದಿನಾ ರಾತ್ರಿ ಕೂಗಿ ಪ್ಯೋನನ್ನು ತನ್ನ ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದ. ಪ್ಯೋ ತಪ್ಪಿಸಿಕೊಳ್ಳಲು ಹಸಿ ಬೆಳ್ಳುಳ್ಳಿಯನ್ನು ಗಡ್ಡೆಗಟ್ಟಲೆ ತಿಂದ. ಗ್ವಾಕನಿಗೆ ಬೆಳ್ಳುಳ್ಳಿಯೆಂದರೆ ಪಂಚಪ್ರಾಣ. ಮೈಗೆಲ್ಲ ಕಜ್ಜಿಯ ಮುಲಾಮು ಬಳಿದುಕೊಂಡ. ಗ್ವಾಕನಿಗೆ ನೆಗಡಿ, ವಾಸನೆಯೇ ಹತ್ತಲಿಲ್ಲ. ಕೊನೆಗೆ ಪ್ಯೋ ಅಡುಗೆಮನೆಯ ಹಿಂದಿನ ಹಂದಿಗೂಡಿಗೆ ಹೋಗಿ ಮಲಗತೊಡಗಿದ. ಆಗೆಲ್ಲ ಠಾಣೆಗಳಲ್ಲಿ ಎಂಜಲು ಹಾಕಿ ಹಂದಿ ಸಾಕುತ್ತಿದ್ದರು, ಇಲ್ಲಿ ಹನ್ನೊಂದಿದ್ದವು. ಒಂದು ಬೆಳಿಗ್ಗೆ ಹಾಜರಿ ಕರೆಯುವಾಗ ಅಡುಗೆಯವನು ಸೆಟೆದು ನಿಂತು ವರದಿ ಒಪ್ಪಿಸಿದ: ‘ಹಂದಿ ಹನ್ನೆರಡು ಸ್ವಾಮಿ! ಅದರಲ್ಲೊಂದು ಬೂಟು ಹಾಕಿದೆ!’

ಇಲ್ಲಿಗೆ ಬಂದಾಗ ದೊಂಗ್ಸು ಹಂದಿಯ ಹಾಗೆ ಗುಟುರು ಹಾಕುತ್ತಿದ್ದ. ಅಂಗಡಿಯಲ್ಲಿದ್ದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಒಬ್ಬ ಮನುಷ್ಯನಿಗೆ ಹಂದಿಯ ಜೊತೆ ಮಲಗುವುದೇ ವಾಸಿ ಎಂದು ಯಾಕೆ ಅನ್ನಿಸಿತು ಎಂದು ಆ ಮೂವತ್ತು ವರ್ಷದಲ್ಲಿ ಒಬ್ಬನೂ ಕೇಳಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಯೇ ನಿಂತು ಬೆಕ್ಕಿನ ಚೆಲ್ಲಾಟವನ್ನು ಅಭಿನಯಿಸಿ ತೋರಿಸುತ್ತಿತ್ತು. ಏಕೆಂದರೆ ಪ್ಯೋ ಎಂಬ ಸಿಪಾಯಿ ಆ ಠಾಣೆಯಲ್ಲಿ ಇರಲೇ ಇಲ್ಲ. ಬೂಟು ಹಾಕಿದ ಹಂದಿ ದೊಂಗ್ಸುವೇ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ತೋಫು ಮಾರುವವಳ ಮಗ ಗಿಹ್ಯೊನ್ ಸೇವೆ ಮುಗಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಹೋಗುವಾಗ ಅವನ ತಲೆ ಬೋಳಿಸಿದ್ದೂ ದೊಂಗ್ಸುವೇ, ಅವತ್ತು ಅವನಷ್ಟು ಜೋರಾಗಿ ನಕ್ಕವರು ಇರಲಿಲ್ಲ. ಈಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಮಾಮ, ಆ ಪ್ಯೋ ಆಮೇಲೆ ಏನಾದ?” ಎಂದು ಗಿಹ್ಯೊನ್ ಕೇಳಿದ.

“ಏನಾಗ್ತಾನೆ? ಸೇವೆ ಮುಗಿಸ್ದ, ಮನೆಗ್ ಹೋದ, ಮದ್ವೆ ಆದ, ಹೊಟ್ಟೆ ಬಂತು. ಎಲ್ಲರ ಥರಾನೇ.”

“ಚೆನ್ನಾಗಿದಾನಾ?”

“ಹೊಟ್ಟೆ ಬಂದಿದೆ ಅಂದ್ನಲ್ಲೋ. ಅದಕ್ಕಿಂತ ಚೆನ್ನಾಗಿರೋದು ಅಂದ್ರೆ ಹೇಗೆ?”

ಗಿಹ್ಯೊನ್ ನಗಲಿಲ್ಲ. ಕನ್ನಡಿಯಲ್ಲಿ ದೊಂಗ್ಸುವಿನ ಕೈಯನ್ನೇ ನೋಡುತ್ತ ಹೇಳಿದ: “ನಮ್ಮಲ್ಲೂ ಒಬ್ಬ ಗ್ವಾಕ್ ಇದ್ದ ಮಾಮ. ಮೊದಲ್ನೇ ಸಲ ಅವ್ನು ಕೈ ಹಾಕ್ದಾಗ ನಂಗೆ ನಿಮ್ಮ ಕತೇನೇ ನೆನಪಾಗಿದ್ದು. ಅದಕ್ಕೇ ನಕ್ಬಿಟ್ಟೆ. ನಕ್ರೆ ತಮಾಷೆ ಆಗೋಗುತ್ತೆ, ಬಿಟ್ಬಿಡ್ತಾನೆ ಅಂದ್ಕೊಂಡೆ. ನಗ್ತಾನೆ ಅಂದ್ರೆ ಇವ್ನಿಗೂ ಇಷ್ಟ ಅಂತ ಅವ್ನು ಅಂದ್ಕೊಂಡ.”

ಆಗ ದೊಂಗ್ಸು ಹೇಳಬಹುದಾಗಿದ್ದ ಮಾತುಗಳು ಎಷ್ಟೋ ಇದ್ದವು. ಅವನು ಹೇಳಿದ್ದು ಒಂದೇ: “ಕುತ್ತಿಗೆ ಹತ್ರ ಇನ್ನೂ ಸ್ವಲ್ಪ ತೆಗೀಲಾ?” ಹುಡುಗ ತಲೆಯಾಡಿಸಿದ, ಎದ್ದು ಹೋದ, ಮತ್ತೆ ಆ ಅಂಗಡಿಗೆ ಕಾಲಿಡಲಿಲ್ಲ. ತನ್ನ ನಾಲಿಗೆಯನ್ನು ಕತ್ತರಿಯಿಂದ ಕತ್ತರಿಸಿ ಬೀದಿನಾಯಿಗೆ ಎಸೆಯಬೇಕು ಎಂದು ದೊಂಗ್ಸುವಿಗೆ ಅನ್ನಿಸಿತು. ಮೂವತ್ತು ವರ್ಷದಿಂದ ತಾನು ಹುಡುಗರನ್ನು ಧೈರ್ಯ ತುಂಬಿ ಕಳಿಸುತ್ತಿದ್ದೇನೆ ಎಂದುಕೊಂಡಿದ್ದ. ಎಷ್ಟು ಹುಡುಗರಿಗೆ ನಗುವುದನ್ನು ಕಲಿಸಿ ಕಳಿಸಿದ್ದೇನೋ ಎಂದು ಬೆರಳು ಮಡಿಸತೊಡಗಿ, ಎರಡು ಕೈಯೂ ಮುಗಿದ ಮೇಲೆ ನಿಲ್ಲಿಸಿದ.

ಅವತ್ತಿನಿಂದ ಪ್ಯೋನ ಕತೆ ನಿಂತಿತು. ಗಿರಾಕಿಗಳು ಕೇಳಿದರೆ ಗಂಟಲು ಕೆಟ್ಟಿದೆ ಎನ್ನುತ್ತಿದ್ದ. ಅಷ್ಟರಲ್ಲಿ ಅವನ ಒಬ್ಬನೇ ಮಗ ಹಾನ್‌ಸೊಲನಿಗೆ ಸೈನ್ಯದ ಕರೆ ಬಂತು. ಮಾರ್ಚ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ತರಬೇತಿ ಕೇಂದ್ರದ ಗೇಟಿನೊಳಗೆ ಹೋಗಬೇಕು. ಅದರೊಳಗೆ ಮಗನಿಗೆ ನಿಜ ಹೇಳಬೇಕು ಎಂದು ದೊಂಗ್ಸು ನಿಶ್ಚಯಿಸಿದ. ಹಾನ್‌ಸೊಲ್ ಹಾಲುಹಲ್ಲಿನ ಕಾಲದಿಂದ ಹಂದಿಯ ಕತೆ ಕೇಳಿ ನಕ್ಕವನು. ಅದೇ ನಗು ಹೊತ್ತುಕೊಂಡು ಅವನು ಒಳಗೆ ಹೋಗಕೂಡದು.

ನಿಶ್ಚಯಿಸುವುದು ಸುಲಭ. ಗುರುವಾರ ಮಗನನ್ನು ಸಾರ್ವಜನಿಕ ಸ್ನಾನದ ಮನೆಗೆ ಕರೆದುಕೊಂಡು ಹೋದ. ಅಪ್ಪ ಮಗ ಬರಿಮೈಯಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂತರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಅವನ ಎಣಿಕೆ. ಮಗನ ಬೆನ್ನು ಉಜ್ಜುತ್ತ ಮೂರು ಸಲ ‘ನೋಡು ಹಾನ್‌ಸೊಲ್’ ಎಂದ. ಮೊದಲನೆಯ ಸಲ ‘ಎಷ್ಟು ಕೊಳೆ ನೋಡು’ ಎಂದು ಮುಗಿಸಿದ. ಎರಡನೆಯ ಸಲ ‘ನಿನ್ನ ಬೆನ್ನು ನಿಮ್ಮಮ್ಮನ ಥರ’ ಎಂದ. ಮೂರನೆಯ ಸಲ ಏನೂ ಹೊಳೆಯದೆ ಇನ್ನಷ್ಟು ಉಜ್ಜಿದ. “ಅಪ್ಪ, ಚರ್ಮ ಸ್ವಲ್ಪ ಉಳ್ಸು, ಸೈನ್ಯದೋರಿಗೂ ಬೇಕಾಗುತ್ತೆ!” ಎಂದು ಮಗ ಕೂಗಿಕೊಂಡ. ಶುಕ್ರವಾರ, ಶನಿವಾರವೂ ಹೀಗೇ ಕಳೆದವು. ಮಾತು ಬಿಸಿ ತುಪ್ಪದ ಹಾಗೆ ಬಾಯಲ್ಲೇ ಕೂತಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಭಾನುವಾರ ಮಧ್ಯಾಹ್ನ ಮಗನ ತಲೆ ಬೋಳಿಸಲು ಕುರ್ಚಿಯಲ್ಲಿ ಕೂರಿಸಿದ. ಬೇರೆ ಯಾರೂ ಇರಬಾರದೆಂದು ಬಾಗಿಲಿಗೆ ‘ರಜೆ’ ಎಂದು ಚೀಟಿ ಅಂಟಿಸಿದ್ದ. ಆ ಚೀಟಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೆಂಡತಿಯ ಅಣ್ಣ ಚಾಂಗ್‌ಗು ಒಳಗೆ ಬಂದ. ಚಾಂಗ್‌ಗು ಮರೀನ್ ಪಡೆಯಲ್ಲಿದ್ದವನು. ಅಲ್ಲಿಂದ ಬಿಟ್ಟುಬಂದು ಮೂವತ್ತೈದು ವರ್ಷವಾದರೂ ಭಾನುವಾರ ಬಂತೆಂದರೆ ಆ ಸಮವಸ್ತ್ರ ತೊಟ್ಟು, ಹೊಟ್ಟೆಯ ಗುಂಡಿಗಳ ಪ್ರಾಣ ತೆಗೆಯುತ್ತ, ಚೌಕದಲ್ಲಿ ನಿಂತು ಸೀಟಿ ಊದಿ ವಾಹನಗಳನ್ನು ಬಿಡುತ್ತಿದ್ದ. ಯಾರೂ ಅವನಿಗೆ ಆ ಕೆಲಸ ಹೇಳಿರಲಿಲ್ಲ. ಅವನ ಒಂದು ಕೈಯಲ್ಲಿ ಹುರಿದ ಕೋಳಿಯ ಎರಡು ಡಬ್ಬಿ, ಹಿಂದೆ ದೊಂಗ್ಸುವಿನ ಹೆಂಡತಿ ಮ್ಯೊಂಗ್‌ಹಿ, ಅವಳ ಹಿಂದೆ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಬಿಯರ್ ಹೊತ್ತುಕೊಂಡು.

“ಈಗ ಹದಿನೆಂಟೇ ತಿಂಗ್ಳು! ಅದೂ ಕೈಯಲ್ಲಿ ಫೋನು!” ಎಂದು ಚಾಂಗ್‌ಗು ಸೋದರಳಿಯನ ಬೆನ್ನಿಗೆ ಗುದ್ದಿದ. “ಅದು ಸೈನ್ಯವೇನೋ, ಶಾಲೆ ಪ್ರವಾಸ. ನಮ್ ಕಾಲದಲ್ಲಿ ಒದೆ ಬೀಳ್ದೆ ನಿದ್ದೇನೇ ಬರ್ತಿರ್ಲಿಲ್ಲ.”

“ಈಗ ಬರುತ್ತಲ್ಲ ಮಾವ. ನಿಮ್ಮ ಗೊರಕೆ ನಮ್ಮನೆ ತಂಕ ಕೇಳ್ಸುತ್ತೆ,” ಎಂದ ಹಾನ್‌ಸೊಲ್.

“ಲೋ ದೊಂಗ್ಸು, ಇವ್ನ ನಾಲಿಗೇನೂ ಬೋಳಿಸಿ ಕಳ್ಸು. ಇಲ್ದಿದ್ರೆ ಮೊದಲ್ನೇ ದಿನಾನೇ ಒದೆ ತಿಂತಾನೆ. ಎಲ್ಲಿ, ನಮ್ಮ ಪ್ಯೋ ಎಲ್ಲಿ? ಊರ ಮಕ್ಕಳಿಗೆಲ್ಲ ಹೇಳಿ ಸ್ವಂತ ಮಗನಿಗೆ ಹೇಳದೆ ಕಳಿಸ್ತೀಯಾ?”

“ಹೇಳು ಅಪ್ಪ,” ಎಂದ ಹಾನ್‌ಸೊಲ್ ಕನ್ನಡಿಯೊಳಗಿಂದ. ಅವನ ಮುಖ ಬಿಳಿಚಿತ್ತು, ನಾಳೆಯ ಹೆದರಿಕೆ ಕಣ್ಣಲ್ಲಿ ಕಾಣುತ್ತಿತ್ತು. ಅವನಿಗೆ ನಗು ಬೇಕಾಗಿತ್ತು.

ದೊಂಗ್ಸು ಮಶೀನು ಚಾಲೂ ಮಾಡಿದ. ಇದೇ ದಾರಿ ಇರಬಹುದು ಎಂದು ಅವನಿಗೆ ತೋಚಿತು. ಕತೆಯ ಬೆನ್ನ ಮೇಲೇ ನಿಜವನ್ನೂ ಕೂರಿಸಿ ದಾಟಿಸಿಬಿಡುವುದು. ಮಗನ ತಲೆಯ ಎಡಭಾಗ ಬೋಳಿಸುತ್ತ ಬಿಸಿನೀರಿನ ಚೀಲ ಹೇಳಿದ, ಬೆಳ್ಳುಳ್ಳಿ ಹೇಳಿದ, ಮುಲಾಮು ಹೇಳಿದ. ಗಡಿಯಾರದವನು ಕಣ್ಣೊರೆಸಿಕೊಂಡ. ‘ಹಂದಿ ಹನ್ನೆರಡು ಸ್ವಾಮಿ’ ಎಂದು ಎಲ್ಲರೂ ಸೇರಿ ಕೂಗಿದರು. ದೊಂಗ್ಸು ಈ ಸಲ ಗುಟುರು ಹಾಕಲಿಲ್ಲ.

“ಆ ಹನ್ನೆರಡನೇ ಹಂದಿ ನಾನೇ,” ಎಂದ.

ಚಾಂಗ್‌ಗು ತೊಡೆ ತಟ್ಟಿಕೊಂಡು ಗಹಗಹಿಸಿದ. “ಅಯ್ಯೋ ನಿನ್ನ! ಮೂವತ್ತು ವರ್ಷ ಮುಚ್ಚಿಟ್ಟಿದ್ದಾ? ಮ್ಯೊಂಗ್‌ಹಿ, ನಿನ್ನ ಗಂಡನ ಹಳೇ ಸಂಸಾರ ಕೇಳಿದ್ಯಾ? ಹನ್ನೊಂದು ಹಂದಿ!” ಗಡಿಯಾರದವನು ಬಿಯರ್ ಚೆಲ್ಲಿಕೊಂಡ. ಅಂಗಡಿಯ ಗಾಜು ಅದುರುವಷ್ಟು ನಗು. ಹಾನ್‌ಸೊಲನೂ ನಕ್ಕ. ಅರ್ಧ ತಲೆ ಬೋಳಾಗಿ, ಇನ್ನರ್ಧದಲ್ಲಿ ಕಪ್ಪು ಕೂದಲು ಕುಣಿಯುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕ.

ದೊಂಗ್ಸು ಮಗನ ಆ ನಗುವನ್ನು ಕನ್ನಡಿಯಲ್ಲಿ ನೋಡಿದ. ಮಶೀನು ಆರಿಸಿ ಕಪಾಟಿನ ಮೇಲಿಟ್ಟ.

“ನಗಬೇಡ ಕಣೋ,” ಎಂದ. “ನಗೋ ವಿಷಯ ಅಲ್ಲ ಅದು. ನಗೋ ಹಾಗೆ ಹೇಳಿದ್ದು ನನ್ನ ತಪ್ಪು. ಹಂದಿಗೂಡಲ್ಲಿ ನಾನು ಒಂದು ರಾತ್ರಿ ಅಲ್ಲ, ನಲವತ್ತು ರಾತ್ರಿ ಮಲ್ಗಿದ್ದೆ. ಹಂದಿಗಳು ನನ್ನ ಮುಟ್ಟಲಿಲ್ಲ. ಗ್ವಾಕ್ ಮುಟ್ಟಿದ. ಸುಮ್ನೆ ಮುಟ್ಟಿದ್ದಲ್ಲ. ಒಂದು ಹೆಣ್ಣಿನ ಮೇಲೆ ಬಲಾತ್ಕಾರ ಆಯ್ತು ಅಂತಾರಲ್ಲ, ಅದೇ. ನನಗಾಯ್ತು.”

ಕೋಳಿಯ ಡಬ್ಬಿ ತೆರೆದೇ ಇತ್ತು. ಗಡಿಯಾರದವನಿಗೆ ತಟ್ಟನೆ ಅಂಗಡಿಯ ಬೀಗ ಹಾಕಿಲ್ಲವೆಂದು ನೆನಪಾಗಿ, ಕೈಯಲ್ಲಿದ್ದ ಕೋಳಿಯ ಕಾಲಿನ ಸಮೇತ ಎದ್ದು ಹೋದ.

“ಆಗ ಯಾರಿಗೂ ಹೇಳ್ಲಿಲ್ವಾ?” ಎಂದಳು ಮ್ಯೊಂಗ್‌ಹಿ. ಅವಳ ದನಿ ಸಣ್ಣಗಿತ್ತು.

“ಹೇಳ್ದೆ. ಮೊದಲ್ನೇ ರಜೆಗೆ ಬಂದಾಗ ಅಪ್ಪನಿಗೆ ಹೇಳ್ದೆ, ಊಟಕ್ಕೆ ಕೂತಾಗ. ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ದೆ ಹಂದಿಯಿಂದ ಶುರು ಮಾಡ್ದೆ. ಅಪ್ಪ ನಗೋಕೆ ಶುರು ಮಾಡ್ದ. ಅಷ್ಟು ನಕ್ಕಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಪಕ್ಕದ್ಮನೆಯೋರನ್ನ ಕರ್ದು, ಇನ್ನೊಂದ್ಸಲ ಹೇಳೋ ಅಂದ. ಅವರ ಮುಂದೆ ಅದು ನಾನೇ ಅಂತ ಹೇಗೆ ಹೇಳೋದು? ಪ್ಯೋ ಅಂತ ಒಬ್ಬ ಇದ್ದ ಅಂದೆ.”

ಮ್ಯೊಂಗ್‌ಹಿ ಅವನ ಹತ್ತಿರ ಬಂದಳು. “ಅದಕ್ಕೇ ಏನ್ರೀ, ಮದ್ವೆ ಆದಾಗಿಂದ ಗೋಡೆಗೆ ಬೆನ್ನು ಕೊಟ್ಟೇ ಮಲಗೋದು?”

“ಹೂಂ.”

“ನನ್ನ ಕಾಲು ತಣ್ಣಗಿರುತ್ತೆ ಅಂತ ನಿಮಗೆ ಆಗಲ್ವೇನೋ ಅಂದ್ಕೊಂಡಿದ್ದೆ. ಇಪ್ಪತ್ತೈದು ವರ್ಷದಿಂದ ಕಾಲುಚೀಲ ಹಾಕ್ಕೊಂಡು ಮಲಗ್ತಿದೀನಿ ಕಣ್ರೀ ನಾನು,” ಎಂದು ಅವಳು ಅತ್ತುಬಿಟ್ಟಳು.

ಚಾಂಗ್‌ಗುವಿನ ಮುಖ ಕೆಂಪೇರಿತ್ತು. “ಸಾಕು ನಿಲ್ಸೋ. ನಾಳೆ ಹೊರಡೋ ಹುಡುಗನ ಮುಂದೆ ಏನೇನೋ ಬೊಗಳ್ತೀಯಲ್ಲ! ಗಂಡಸಿಗೆ ಏನಾಗ್ಬಿಡುತ್ತೆ? ನಿಮ್ಮ ಕಾಲಾಳು ಪಡೇಲಿ ಇಂಥ ಹೊಲಸು ಇರಬಹುದು. ಮರೀನಲ್ಲಿ ಇಲ್ಲ. ನಮ್ಮಲ್ಲಿ ಒದೀತಾರೆ. ಒದೀತಾರೆ ಅಷ್ಟೆ. ಗೊತ್ತಾಯ್ತಾ?”

“ನಾನು ಮರೀನ್ ಬಗ್ಗೆ ಏನೂ ಕೇಳ್ಲಿಲ್ಲ ಭಾವ,” ಎಂದ ದೊಂಗ್ಸು.

ಚಾಂಗ್‌ಗು ಟೋಪಿ ಎತ್ತಿಕೊಂಡು ಹೊರಗೆ ನಡೆದ. ಬಾಗಿಲು ಬಡಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಕೆಳಗೆ ಬಿತ್ತು.

ಹಾನ್‌ಸೊಲ್ ಅಷ್ಟು ಹೊತ್ತೂ ಮೈಮೇಲೆ ಹೊದಿಸಿದ್ದ ಕ್ಷೌರದ ಬಟ್ಟೆಯೊಳಗಿಂದ ಕೈ ತೆಗೆದಿರಲಿಲ್ಲ. ಈಗ ತೆಗೆದು ಕಣ್ಣೊರೆಸಿಕೊಂಡ. ಕೂದಲು ಕಣ್ಣಿಗೆ ಹೋಗಿ ಇನ್ನಷ್ಟು ಕೆಂಪಾಯಿತು.

“ಅಪ್ಪ, ನಂಗೆ ಹಾಗಾದ್ರೆ ಯಾರಿಗೆ ಹೇಳ್ಲಿ?”

“ನಂಗೆ ಹೇಳು. ನಾನು ನಗಲ್ಲ.”

“ನೀನು ಇಲ್ಲಿರ್ತೀಯ. ಅಲ್ಲಿ ಯಾರಿಗೆ ಹೇಳೋದು?”

ಮೂವತ್ತು ವರ್ಷದಲ್ಲಿ ಅದನ್ನು ದೊಂಗ್ಸು ಯಾರನ್ನೂ ಕೇಳಿರಲಿಲ್ಲ. ಮಶೀನು ಎತ್ತಿಕೊಂಡು ಉಳಿದರ್ಧ ತಲೆಯನ್ನು ಬೋಳಿಸಿದ. ಮ್ಯೊಂಗ್‌ಹಿ ನೆಲದ ಮೇಲಿನ ಕೂದಲು ಗುಡಿಸಿದಳು.

ಸೋಮವಾರ ಬೆಳಿಗ್ಗೆ ಮನೆಯ ಮುಂದೆ ಹಾರನ್ ಕೇಳಿಸಿತು. ಚಾಂಗ್‌ಗು ತನ್ನ ಕಾರು ತಂದಿದ್ದ. ಮಾಮೂಲಿ ಜಾಕೆಟ್ ಹಾಕಿದ್ದ, ಕಣ್ಣು ಊದಿತ್ತು. “ಬಸ್ಸಲ್ಲಿ ಹೋಗ್ತೀರೇನು? ಹತ್ತಿ,” ಎಂದ. ದಾರಿಯುದ್ದಕ್ಕೂ ಬೇರೆ ಚಾಲಕರನ್ನು ಬೈಯುತ್ತ ಹೋದ. ತರಬೇತಿ ಕೇಂದ್ರದ ಎದುರಿನ ಹೋಟೆಲುಗಳಲ್ಲೆಲ್ಲ ಬೋಳು ತಲೆಗಳು ಸುಟ್ಟ ಮಾಂಸದ ಮುಂದೆ ಕೂತಿದ್ದವು. ತಾಯಂದಿರು ತುತ್ತು ಮುಂದೊಡ್ಡುತ್ತಿದ್ದರು, ಮಕ್ಕಳು ನೀರು ಕುಡಿಯುತ್ತಿದ್ದರು. ಹಾನ್‌ಸೊಲ್ ಎರಡು ಚೂರು ತಿಂದ.

ಒಂದೂವರೆಗೆ ಎಲ್ಲರನ್ನೂ ಮೈದಾನಕ್ಕೆ ಬಿಟ್ಟರು. ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ತಂದೆತಾಯಿಗಳು ಮೆಟ್ಟಿಲುಗಳ ಮೇಲೆ ಕೂತರು. ಎಳೆವಯಸ್ಸಿನ ಅಧಿಕಾರಿಯೊಬ್ಬ ಮೈಕು ಹಿಡಿದು, ನಿಮ್ಮ ಮಕ್ಕಳನ್ನು ನಮ್ಮ ಮಕ್ಕಳ ಹಾಗೆ ನೋಡಿಕೊಳ್ಳುತ್ತೇವೆ ಎಂದ. ಅವನನ್ನು ನೋಡಿದರೆ ಮದುವೆಯೂ ಆದಂತಿರಲಿಲ್ಲ. ಆಮೇಲೆ ಪ್ರಶ್ನೆ ಇದ್ದರೆ ಕೇಳಿ ಎಂದ. ಒಬ್ಬ ತಾಯಿ ತನ್ನ ಮಗನಿಗೆ ಸೀಗಡಿ ತಿಂದರೆ ಮೈ ಊದುತ್ತದೆ ಎಂದಳು. ಇನ್ನೊಬ್ಬಳು ಫೋನು ಯಾವತ್ತು ಕೊಡುತ್ತೀರಿ ಎಂದಳು. ಗಂಡಸರು ಯಾರೂ ಏನೂ ಕೇಳಲಿಲ್ಲ. ಅವರೆಲ್ಲ ಸೈನ್ಯಕ್ಕೆ ಹೋಗಿ ಬಂದವರು, ಗೊತ್ತಿದ್ದವರು.

ದೊಂಗ್ಸು ಕೈ ಎತ್ತಿದ. ಮೈಕು ಅವನ ಕೈಗೆ ಬಂತು. ‘ಇಲ್ಲಿ ಹಂದಿ ಸಾಕಿದ್ದೀರಾ ಸ್ವಾಮಿ?’ ಎಂಬ ಮಾತು ನಾಲಿಗೆಯ ತುದಿಗೇ ಬಂದುಬಿಟ್ಟಿತು. ಅದನ್ನು ಹೇಳಿದ್ದರೆ ಇಡೀ ಮೈದಾನ ನಗುತ್ತಿತ್ತು, ಅವನೂ ಹಾಯಾಗಿ ಕೂತುಕೊಳ್ಳಬಹುದಿತ್ತು. ಅವನು ಅದನ್ನು ನುಂಗಿಕೊಂಡ.

“ಸ್ವಾಮಿ, ರಾತ್ರಿ ಯಾರಾದ್ರೂ ನನ್ನ ಮಗನ ಮೈಮೇಲೆ ಕೈ ಹಾಕಿದ್ರೆ, ಹೊಡೆಯೋಕಲ್ಲ, ಇನ್ನೊಂದಕ್ಕೆ, ಅವನು ಯಾರಿಗೆ ಹೇಳ್ಬೇಕು? ನಾನು ಸೈನ್ಯದಲ್ಲಿದ್ದಾಗ ನಂಗೆ ಹಾಗಾಯ್ತು. ಯಾರಿಗೆ ಹೇಳ್ಬೇಕು ಅಂತ ಯಾರೂ ಹೇಳಿರ್ಲಿಲ್ಲ.”

ಮುಂದಿನ ಸಾಲಿನ ತಾಯಿಯೊಬ್ಬಳು ತಿರುಗಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಹುಡುಗರ ಸಾಲಿನಲ್ಲಿ ಎಲ್ಲೋ ಕಿಸಕ್ಕೆಂದು ನಗು. ಅಧಿಕಾರಿ ಕಿವಿಯವರೆಗೆ ಕೆಂಪಾದ. “ತಂದೆಯವರೇ, ಈಗ ಆ ಕಾಲ ಇಲ್ಲ. ಅಂಥದ್ದೇನಾದ್ರೂ ಇದ್ರೆ ದೂರು ಕೊಡೋಕೆ ಒಂದು ಫೋನ್ ನಂಬರ್ ಇದೆ. ಕಾರ್ಯಕ್ರಮ ಮುಗಿದ ಮೇಲೆ ಆಫೀಸಿಗೆ ಬನ್ನಿ, ನಿಮಗೆ ಒಬ್ಬರಿಗೇ ಕೊಡ್ತೀನಿ.”

“ನಂಗೊಬ್ಬನಿಗೇ ಬೇಡ. ಇಲ್ಲೇ ಹೇಳಿ. ಹುಡುಗರಿಗೆಲ್ಲ ಕೇಳಲಿ.”

ಅಧಿಕಾರಿ ಕಾಗದ ತಿರುವಿ ನಂಬರು ಓದಿದ, ಔಷಧಿ ಅಂಗಡಿಯಲ್ಲಿ ನಾಚಿಕೆಯ ಸಾಮಾನು ಕೇಳುವವರ ದನಿಯಲ್ಲಿ.

“ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ ಸ್ವಾಮಿ,” ಎಂದ ದೊಂಗ್ಸು.

ಈ ಸಲ ಜೋರಾಗಿ ಓದಿದ. ಒಂದೊಂದೇ ಅಂಕಿ ಮೈದಾನದ ಆಚೆ ಗೋಡೆಗೆ ತಾಗಿ ವಾಪಸು ಬಂತು. ಸಾಲಿನ ನಡುವಿನಿಂದ ಹಾನ್‌ಸೊಲ್ ಅಪ್ಪನ ಕಡೆ ನೋಡಿ ತಲೆಯಾಡಿಸಿದ. ಅವನ ತುಟಿ ಅಲುಗುತ್ತಿತ್ತು, ಅಂಕಿಗಳನ್ನು ಬಾಯಿಪಾಠ ಮಾಡುತ್ತಿದ್ದ. ದೊಂಗ್ಸು ಮೈಕು ಕೊಟ್ಟು ಕೂತ. ಮ್ಯೊಂಗ್‌ಹಿ ಎಲ್ಲರ ಎದುರಿಗೇ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

ಎಡಗಡೆ ಚಾಂಗ್‌ಗು ಬೆನ್ನು ಬಗ್ಗಿಸಿ ಕೂತಿದ್ದ. ಅವನ ಕೈಯಲ್ಲೊಂದು ಪೆನ್ನು. ಅಂಗೈಯ ಮೇಲೆ ನಂಬರು ಬರೆದುಕೊಳ್ಳುತ್ತಿದ್ದ. ಮೊದಲ ಅಂಕಿಗಳು ನೆಟ್ಟಗಿದ್ದವು, ಆಮೇಲಿನವು ಬೆವರಿಗೆ ಕದಡಿದ್ದವು. ಚಾಂಗ್‌ಗುವಿಗೆ ಗಂಡುಮಕ್ಕಳಿಲ್ಲ. ಇರುವ ಇಬ್ಬರೂ ಹೆಣ್ಣುಮಕ್ಕಳು, ಒಬ್ಬಳು ದಂತವೈದ್ಯೆ, ಇನ್ನೊಬ್ಬಳು ಮದುವೆಯಾಗಿ ಬೂಸಾನಿನಲ್ಲಿದ್ದಾಳೆ. ದೊಂಗ್ಸು ಆ ಅಂಗೈಯನ್ನು ನೋಡಿದ, ಭಾವನ ಮುಖವನ್ನು ನೋಡಲಿಲ್ಲ. ಹುಡುಗರ ಸಾಲು ಹೆಜ್ಜೆ ತಪ್ಪುತ್ತ ಕಟ್ಟಡದ ಕಡೆ ನಡೆಯತೊಡಗಿತ್ತು.

“ಭಾವ, ಕೊನೇದು ಏಳು, ಒಂದಲ್ಲ,” ಎಂದು ಮೆಲ್ಲಗೆ ಹೇಳಿದ.

“ಗೊತ್ತು ಸುಮ್ನಿರೋ,” ಎಂದ ಚಾಂಗ್‌ಗು. ಒಂದನ್ನು ಹೊಡೆದುಹಾಕಿ ಏಳು ಬರೆದುಕೊಂಡ.